ಅಕ್ಷರಭೇದದಿಂದ ಕಾಲನಿರ್ಣಯ

ಗ್ರಂಥಸಂಪಾದನೆಯನ್ನು ಬಲ್ಲ ಶ್ರೋತೃಗಳಿಗೆ ಒಂದು ಸಂಗತಿ ಪರಿಚಿತವೇ ಆಗಿದೆ. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುತ್ತ ಹೋದರೆ, ಯಾವ ಪ್ರತಿ ಯಾವುದಕ್ಕೆ ಹತ್ತಿರದ ದಾಯಾದಿಯೆಂಬುದು ಗೋಚರವಾಗುತ್ತದೆ. ಲಿಪಿಕಾರನ ಕೈತಪ್ಪು ಮುಂದಿನ ನಕಲುಗಳಿಗೂ ಇಳಿದುಬರುತ್ತದೆಯಷ್ಟೆ. ಡಿಎನ್‌ಎ ಎಂಬ ನಾಲ್ಕಕ್ಷರದ ಬರಹವೂ ಅಂಥದೇ; ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ, ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟವಾಗುತ್ತ ಬಂದದ್ದು. ಆದರೆ ನಾನು ಹೇಳಹೊರಟಿರುವುದು ಬಾಂಧವ್ಯದ ಮಾತನ್ನಲ್ಲ, ಕಾಲದ ಮಾತನ್ನು. ಎರಡು ಜೀವಿಗಳು ಕವಲೊಡೆದು ಎಷ್ಟು ವರ್ಷವಾಯಿತೆಂಬುದನ್ನು ಈ ಪಲ್ಲಟಗಳನ್ನೆಣಿಸಿ ಹೇಳಬಹುದೆ?

ಹೇಳಬಹುದೆಂದು 1962ರಲ್ಲಿ ಸೂಚಿಸಿದವರು ಎಮಿಲ್ ಜುಕರ್‌ಕ್ಯಾಂಡ್ಲ್ ಮತ್ತು ಲೈನಸ್ ಪೌಲಿಂಗ್. ಅವರ ಮುಂದಿದ್ದುದು ಡಿಎನ್‌ಎ ಅಲ್ಲ, ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್. ಅದರಲ್ಲಿನ ವ್ಯತ್ಯಾಸಗಳು ಸರಿಸುಮಾರು ಕಾಲಕ್ಕೆ ಅನುಗುಣವಾಗಿ ಬೆಳೆಯುವಂತೆ ಅವರಿಗೆ ತೋರಿತು. ಇದಕ್ಕೆ ಅಣುಗಡಿಯಾರವೆಂಬ ಹೆಸರು 1965ರಲ್ಲಿ ಬಂದಿತು.

ಈ ಗಡಿಯಾರ ಜಗಳಕ್ಕೆ ನಿಂತದ್ದು ನಮ್ಮ ಪುರಾಣದ ಹೆಸರೊಂದರೊಡನೆ. 1932ರಲ್ಲಿ ಎಡ್ವರ್ಡ್ ಲೂಯಿಸ್ ಎಂಬ ಅಮೆರಿಕದ ತರುಣನಿಗೆ ಶಿವಾಲಿಕ್ ಬೆಟ್ಟಗಳಲ್ಲಿ ಮೇಲ್ದವಡೆಯ ತುಣುಕೊಂದು ದೊರೆಯಿತು. 1934ರಲ್ಲಿ ಆತ ಅದಕ್ಕೆ ರಾಮಪಿಥೆಕಸ್, ಎಂದರೆ ರಾಮನ ವಾನರ, ಎಂದು ಹೆಸರಿಟ್ಟ. ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್‌ಬೀಮ್ ಮೊದಲಾದವರು 1960ರ ದಶಕದಲ್ಲಿ ಅದನ್ನು ಮಾನವಕುಲದ ಮೂಲಪುರುಷನ ಪಟ್ಟಕ್ಕೇರಿಸಿದರು. ಹಾಗಿದ್ದರೆ ನಾವು ಚಿಂಪಾಂಜಿಯಿಂದ ಬೇರೆಯಾಗಿ ಒಂದು ಕೋಟಿ ನಲವತ್ತು ಲಕ್ಷ ವರ್ಷಗಳಾದರೂ ಆಗಿರಬೇಕು.

1967ರಲ್ಲಿ ಬರ್ಕ್ಲಿಯ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಇದನ್ನು ಅಲ್ಲಗಳೆದರು. ಮನುಷ್ಯನ ರಕ್ತದ ಆಲ್ಬುಮಿನ್ನನ್ನು ಮೊಲಕ್ಕೆ ಚುಚ್ಚಿ, ಮೊಲದ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳು ವಾನರಗಳ ಆಲ್ಬುಮಿನ್ನನ್ನು ಎಷ್ಟರಮಟ್ಟಿಗೆ ಗುರುತಿಸುತ್ತವೆಯೆಂದು ಅವರು ಅಳೆದಿದ್ದರು. ಮಂಗಗಳೂ ಬಾಲವಿಲ್ಲದ ವಾನರಗಳೂ ಬೇರ್ಪಟ್ಟು ಮೂರು ಕೋಟಿ ವರ್ಷವಾಯಿತೆಂದು ಇಟ್ಟುಕೊಂಡರೆ, ಮನುಷ್ಯ–ಚಿಂಪಾಂಜಿಗಳ ಅಗಲಿಕೆಗೆ ಬಂದ ಕಾಲ ಐವತ್ತು ಲಕ್ಷ ವರ್ಷ ಮಾತ್ರ! ಕಲ್ಲಾದ ಎಲುಬುಗಳಲ್ಲಿ ಆಯುಷ್ಯ ಸವೆಸಿದವರಿಗೆ ಈ ಮೊಲದ ಸಾಕ್ಷ್ಯ ರುಚಿಸಲಿಲ್ಲ, ರುಚಿಸದಿದ್ದುದು ಸಹಜವೇ. ಆದರೆ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಶಿವಪಿಥೆಕಸ್ಸಿನ ಮುಖವೇ ದೊರೆತು, 1982ರಲ್ಲಿ ಪಿಲ್‌ಬೀಮರೇ ಅದನ್ನು ವರ್ಣಿಸಿದಾಗ, ಅದು ಒರಾಂಗುಟಾನಿನ ಮುಖವನ್ನು ಹೋಲುತ್ತಿತ್ತು. ರಾಮಪಿಥೆಕಸ್ ಅದರ ಜಾತಿಯದೇ ಎಂದು ತೀರ್ಮಾನವಾಯಿತು. 1910ರ ಹೆಸರು ಹಳೆಯದಾದ್ದರಿಂದ ಅದೇ ಉಳಿಯಿತು. ರಾಮನು ಶಿವನಲ್ಲಿ ಐಕ್ಯನಾದನೆನ್ನೋಣ.

ಈಗ ಮೊಲದ ಅಗತ್ಯವಿಲ್ಲ. ಡಿಎನ್‌ಎಯ ಅಕ್ಷರಗಳನ್ನೇ ಓದಿ ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಡ್ರಮಂಡ್ ಮತ್ತು ರಾಂಬೋ 2007ರಲ್ಲಿ ಪ್ರಕಟಿಸಿದ ಬೀಸ್ಟ್ ಎಂಬ ತಂತ್ರಾಂಶ ಲಕ್ಷಾಂತರ ವಂಶವೃಕ್ಷಗಳನ್ನು ಕಟ್ಟಿ, ಮುರಿದು, ತೂಗಿನೋಡುತ್ತದೆ. ಕೊಂಬೆಯಿಂದ ಕೊಂಬೆಗೆ ಗಡಿಯಾರದ ವೇಗ ಬದಲಾಗಬಹುದೆಂಬುದನ್ನೂ ಅದು ಗಣನೆಗೆ ತರಬಲ್ಲದು. ಇಲಿಯ ಗಡಿಯಾರ ನಮ್ಮದಕ್ಕಿಂತ ಬೇಗ ಓಡುತ್ತದೆ. ಉತ್ತರವಾಗಿ ಅದು ಕೊಡುವುದು ಒಂದು ವರ್ಷಸಂಖ್ಯೆಯನ್ನಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ಎಲ್ಲೆಯನ್ನು. ಆದರೆ ಓಲೆಪ್ರತಿಗಳಲ್ಲಿ ಒಂದರ ಕೊನೆಯಲ್ಲಾದರೂ ಶಕವರ್ಷ ಬರೆದಿರಬೇಕು. ಇಲ್ಲವೆ ಕಾಲ ಹೇಳುವುದೆಂತು? ಆ ಶಕವರ್ಷವನ್ನು ಒದಗಿಸಬೇಕಾದದ್ದು ಅದೇ ಎಲುಬು. ಜಗಳವಾಡಿದವರು ಹೀಗೆ ಒಂದೇ ಮನೆಯಲ್ಲಿ ಬಾಳಬೇಕಾಯಿತು.

ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ನೋಡಿ. ನಮ್ಮ ಮತ್ತು ಚಿಂಪಾಂಜಿಯ ನಡುವೆ ಸಾವಿರಕ್ಕೆ ಸುಮಾರು ಹನ್ನೆರಡು ಅಕ್ಷರಗಳ ಭೇದ, ಕವಲೊಂದಕ್ಕೆ ಆರು. ಹತ್ತು ಲಕ್ಷ ವರ್ಷಕ್ಕೆ ಸಾವಿರದಲ್ಲೊಂದು ಅಕ್ಷರ ಬದಲಾಗುವುದಾದರೆ ಅರವತ್ತು ಲಕ್ಷ ವರ್ಷ. ತಂದೆ, ತಾಯಿ, ಮಗು ಮೂವರ ಡಿಎನ್‌ಎಯನ್ನೂ ಓದಿ ವೇಗವನ್ನು ನೇರವಾಗಿ ಅಳೆದಾಗ ಅದು ಇದರ ಅರ್ಧದಷ್ಟೆಂದು ಕಂಡಿತು. 2012ರಿಂದೀಚೆಗೆ ಈ ಕುರಿತು ಬಿರುಸಿನ ಚರ್ಚೆ ನಡೆದಿದೆ. ಅರ್ಧವೇಗವೆಂದರೆ ಇಮ್ಮಡಿ ಕಾಲ, ಒಂದು ಕೋಟಿ ಇಪ್ಪತ್ತು ಲಕ್ಷ. ಇದು ಅಕ್ಷರಗಳು ಅಗಲಿದ ಕಾಲ. ಮೂಲವಾನರಗಳ ಹಿಂಡಿನೊಳಗೇ ಪಾಠಾಂತರಗಳಿದ್ದುವಾದ್ದರಿಂದ, ಕುಲಗಳು ಅಗಲಿದ್ದು ಅದಕ್ಕಿಂತ ಈಚೆಗೆ. ಹೀಗೆ ಕಾಲ ಹಿಂದೆ ಸರಿದರೂ ರಾಮಪಿಥೆಕಸ್ಸಿಗೆ ಕಳೆದುಹೋದ ಪಟ್ಟ ಮರಳಿ ದೊರೆಯದು; ಅದರ ಬಂಧುತ್ವ ಒರಾಂಗುಟಾನಿನ ಕಡೆಯದೆ.