ಬ್ರೇಕ್ ಡಿಸ್ಕ್ ಸವೆತದ ಮಿತಿ

ಬ್ರೇಕ್ ಡಿಸ್ಕ್ ಸವೆತದ ಮಿತಿ ಎಂದರೆ ಚಕ್ರದೊಡನೆ ತಿರುಗುವ ಬ್ರೇಕ್ ಡಿಸ್ಕ್ ಅಥವಾ ರೋಟರ್ ಬಳಕೆಯಲ್ಲಿರಲು ಬೇಕಾದ ಕನಿಷ್ಠ ದಪ್ಪ. ಇದನ್ನು ತಯಾರಕರೇ ನಿಗದಿಪಡಿಸುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕನ್ನು ದುರಸ್ತಿ ಮಾಡದೆ ತೆಗೆದುಹಾಕಬೇಕು. ದಶಕಗಳ ಕಾಲ ನಿಂತಿದ್ದು ಮತ್ತೆ ರಸ್ತೆಗಿಳಿಯುವ ಹಳೆಯ ಮಸಲ್ ಕಾರುಗಳಲ್ಲಿ ಈ ಅಳತೆಯ ಪರಿಶೀಲನೆ ಮುಖ್ಯವಾದುದು.

ಹಿನ್ನೆಲೆ

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ವಿ8 ಎಂಜಿನ್ ಅಳವಡಿಸಿದ 1960 ಮತ್ತು 1970ರ ದಶಕಗಳ ಅಮೆರಿಕದ ವಾಹನಗಳನ್ನು ಮಸಲ್ ಕಾರುಗಳೆಂದು ಕರೆಯಲಾಗುತ್ತದೆ. ಎಂಜಿನ್ ಬೆಳೆದ ವೇಗದಲ್ಲಿ ಬ್ರೇಕು ಬೆಳೆಯಲಿಲ್ಲ. ಇವುಗಳಲ್ಲಿ ಹೆಚ್ಚಿನವು ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್‌ನೊಂದಿಗೆ ಮಾರಾಟವಾದವು. ಫೋರ್ಡ್ ಮಸ್ಟಾಂಗ್‌ನಲ್ಲಿ 1965ರಲ್ಲಿ ಮತ್ತು ಷೆವ್ರೊಲೆ ಕ್ಯಾಮರೊದಲ್ಲಿ 1967ರಲ್ಲಿ ಮುಂಚಕ್ರದ ಡಿಸ್ಕ್ ಬ್ರೇಕು ಹೆಚ್ಚುವರಿ ಹಣಕ್ಕೆ ದೊರೆಯುವ ಆಯ್ಕೆಯಾಗಿತ್ತು.

ಭಾರತದಲ್ಲಿ ಈ ವರ್ಗದ ಕಾರು ತಯಾರಾಗಲಿಲ್ಲ. 1984ರಿಂದ 2002ರವರೆಗೆ ತಯಾರಾದ ಹಿಂದೂಸ್ತಾನ್ ಕಾಂಟೆಸ್ಸಾವನ್ನು ಅಭಿಮಾನಿಗಳು ಆ ಹೆಸರಿನಿಂದ ಕರೆಯುವುದು ಅದರ ಹೊರರೂಪದಿಂದಾಗಿಯೇ ಹೊರತು ಶಕ್ತಿಯಿಂದಲ್ಲ. ಕರ್ನಾಟಕದಲ್ಲಿ ಹಳೆಯ ವಾಹನವೆಂದರೆ ಮೊದಲು ನೆನಪಾಗುವ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಇರುವುದು ಡ್ರಮ್ ಬ್ರೇಕು. ಡ್ರಮ್ಮಿನ ಲೆಕ್ಕ ಡಿಸ್ಕಿಗೆ ವಿರುದ್ಧವಾದುದು. ಡ್ರಮ್ ಒಳಗಿನಿಂದ ಸವೆದು ಅಗಲವಾಗುವುದರಿಂದ ಅದಕ್ಕೆ ಗರಿಷ್ಠ ಒಳವ್ಯಾಸವನ್ನು ನಿಗದಿಪಡಿಸಲಾಗುತ್ತದೆ.

ಮಿತಿ ಮೀರಿದಾಗ

ಬ್ರೇಕು ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತದೆ. 1,500 ಕಿ.ಗ್ರಾಂ ತೂಕದ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಸುಮಾರು 370 ಕಿಲೋಜೂಲ್, 100 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಸುಮಾರು 580 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಇದರ ಹೆಚ್ಚಿನ ಪಾಲು ಮುಂಚಕ್ರಗಳದು. ಶಿರಾ ತಾಲ್ಲೂಕಿನ ತಾವರೆಕೆರೆಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂತಹ ಬಯಲುಸೀಮೆಯ ನೇರ ರಸ್ತೆಯಲ್ಲಿ ಬ್ರೇಕು ಅಪರೂಪಕ್ಕೆ ಬಳಕೆಯಾದರೂ ಪ್ರತಿ ಬಾರಿಯೂ ಬಲವಾಗಿ ಬಳಕೆಯಾಗುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿಗಳ ಇಳಿಜಾರಿನಲ್ಲಿ ಒಂದು ತಿರುವಿನ ಶಾಖ ಆರುವ ಮೊದಲೇ ಮತ್ತೊಂದು ತಿರುವು ಎದುರಾಗುತ್ತದೆ. ತೆಳುವಾದ ಡಿಸ್ಕಿನಲ್ಲಿ ಶಾಖವನ್ನು ಹಿಡಿದಿಡುವ ಕಬ್ಬಿಣವೇ ಕಡಿಮೆ ಇರುವುದರಿಂದ ಅದು ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ.

ಇದಕ್ಕಿಂತ ಗಂಭೀರವಾದ ಅಪಾಯ ಕ್ಯಾಲಿಪರ್‌ನಲ್ಲಿದೆ. ಡಿಸ್ಕ್ ಮತ್ತು ಪ್ಯಾಡ್ ಎರಡೂ ಸವೆದಷ್ಟು ಪಿಸ್ಟನ್ ಹೊರಕ್ಕೆ ಚಾಚಬೇಕಾಗುತ್ತದೆ. ಅದು ಸೀಲನ್ನು ದಾಟಿದರೆ ಬ್ರೇಕ್ ದ್ರವ ಸೋರಿಹೋಗುತ್ತದೆ. ಅಮೆರಿಕದ ಕಾರುಗಳಲ್ಲಿ ಎರಡು ವಿಭಾಗಗಳ ಮಾಸ್ಟರ್ ಸಿಲಿಂಡರ್ ಸಾರ್ವತ್ರಿಕವಾದದ್ದು 1967ರ ಮಾದರಿಗಳಿಂದ. ಅದಕ್ಕೂ ಹಿಂದಿನ ಒಂದೇ ವಿಭಾಗದ ವ್ಯವಸ್ಥೆಯಲ್ಲಿ ಒಂದು ಚಕ್ರದ ಸೋರಿಕೆಯಿಂದ ನಾಲ್ಕೂ ಚಕ್ರಗಳ ಬ್ರೇಕು ವಿಫಲವಾಗುತ್ತದೆ. ಆಗ ಕೈಬ್ರೇಕೊಂದೇ ಉಳಿಯುವುದು.

ಅಳತೆಯ ವಿಧಾನ

ಮಿತಿಯ ಸಂಖ್ಯೆ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಎರಕದ ಅಕ್ಷರಗಳಲ್ಲಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಅದನ್ನು ತುಕ್ಕು ಮರೆಮಾಡಿರುವುದು ಸಾಮಾನ್ಯ. ತಂತಿ ಬ್ರಷ್‌ನಿಂದ ಉಜ್ಜಿದರೆ ಓದಬಹುದು. ಜನರಲ್ ಮೋಟರ್ಸ್‌ನ 1970ರ ದಶಕದ 11 ಇಂಚು ವ್ಯಾಸದ ಮುಂಚಕ್ರದ ಡಿಸ್ಕುಗಳಲ್ಲಿ ಹೆಚ್ಚಾಗಿ ಕಾಣುವ ಸಂಖ್ಯೆ 0.965 ಇಂಚು, ಅಂದರೆ 24.51 ಮಿ.ಮೀ. ಹೊಸದಾಗಿದ್ದಾಗ ಅದರ ದಪ್ಪ ಸುಮಾರು 1.03 ಇಂಚು. ಹೀಗೆ ಡಿಸ್ಕಿನ ಇಡೀ ಆಯುಷ್ಯದಲ್ಲಿ ಸವೆಯಲು ಅವಕಾಶವಿರುವುದು ಒಂದೊಂದು ಬದಿಗೆ 1 ಮಿ.ಮೀ.ಗೂ ಕಡಿಮೆ. ಕಣ್ಣಳತೆಯಿಂದ ಇದನ್ನು ನಿರ್ಧರಿಸಲಾಗದು.

ವರ್ನಿಯರ್ ಕ್ಯಾಲಿಪರ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಂಡಿನಂತೆ ಉಳಿದಿರುತ್ತದೆ. ವರ್ನಿಯರ್‌ನ ಚಪ್ಪಟೆ ದವಡೆಗಳು ಆ ದಿಂಡಿನ ಮೇಲೆ ಕುಳಿತು ಸವೆದ ಡಿಸ್ಕನ್ನೂ ದಪ್ಪವೆಂದು ತೋರಿಸುತ್ತವೆ. ಆದ್ದರಿಂದ ಮೈಕ್ರೊಮೀಟರ್ ಬಳಸಿ, ಅಂಚಿನಿಂದ ಸುಮಾರು ಒಂದು ಇಂಚು ಒಳಗೆ, ಸುತ್ತಲೂ ಆರರಿಂದ ಎಂಟು ಕಡೆ ಅಳೆಯಲಾಗುತ್ತದೆ. ಮಿತಿಗೆ ಹೋಲಿಸಬೇಕಾದುದು ಇವುಗಳ ಸರಾಸರಿಯನ್ನಲ್ಲ, ಅತಿ ಕಡಿಮೆ ಬಂದ ಅಳತೆಯನ್ನು. ಆಳವಾದ ಗೀರುಗಳಿದ್ದರೆ ಮೊನಚು ತುದಿಯ ಮೈಕ್ರೊಮೀಟರ್‌ನಿಂದ ಗೀರಿನ ತಳವನ್ನೇ ಅಳೆಯಬೇಕು.

ಲೇತಿನ ಕೆಲಸ

ಡಿಸ್ಕಿನ ಮೇಲಿನ ಸಂಖ್ಯೆಯನ್ನು ಲೇತಿನಲ್ಲಿ ಎಲ್ಲಿಯವರೆಗೆ ಕೆತ್ತಬಹುದು ಎಂಬ ಅಳತೆಯೆಂದು ತಿಳಿಯುವುದು ವ್ಯಾಪಕವಾದ ತಪ್ಪು. ಅದು ಬಿಸಾಡಬೇಕಾದ ಹಂತ. ಕೆತ್ತಿದ ನಂತರವೂ ಮುಂದಿನ ಸವೆತಕ್ಕೆ ಒಂದಷ್ಟು ಲೋಹ ಉಳಿದಿರಬೇಕು. ಮೇಲೆ ಹೇಳಿದ ಜನರಲ್ ಮೋಟರ್ಸ್ ಡಿಸ್ಕನ್ನು 0.980 ಇಂಚಿಗಿಂತ ತೆಳುವಾಗಿ ಕೆತ್ತುವಂತಿಲ್ಲ. ಪೆಡಲ್ ಅದುರುತ್ತದೆಂಬ ಕಾರಣಕ್ಕೆ ಡಿಸ್ಕನ್ನು ಲೇತಿಗೆ ಒಯ್ಯುವ ಮೊದಲು ಡಯಲ್ ಗೇಜ್‌ನಿಂದ ಅದರ ಓಲಾಟವನ್ನು ನೋಡುವುದು ಒಳ್ಳೆಯದು. ಅದು ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸಿನಲ್ಲಿರಬೇಕು. ಹಬ್ಬಿನ ಮೇಲಿನ ತುಕ್ಕು ಅಥವಾ ಸಡಿಲಗೊಂಡ ಬೇರಿಂಗ್‌ನಿಂದಲೂ ಓಲಾಟ ಉಂಟಾಗುತ್ತದೆ, ಅಂತಹ ಸಂದರ್ಭದಲ್ಲಿ ಡಿಸ್ಕನ್ನು ಕೆತ್ತುವುದು ಲೋಹದ ವ್ಯರ್ಥವಷ್ಟೇ. 1965ರ ನಂತರದ ಷೆವ್ರೊಲೆ ಕಾರ್ವೆಟ್‌ಗಳಲ್ಲಿ ಡಿಸ್ಕನ್ನು ಹಬ್ಬಿಗೆ ರಿವೆಟ್ ಮಾಡಿ ಎರಡನ್ನೂ ಒಟ್ಟಿಗೆ ಕೆತ್ತಲಾಗಿತ್ತು. ರಿವೆಟ್ ತೆಗೆದು ಬೇರೆ ಡಿಸ್ಕ್ ಕೂರಿಸಿದಾಗ ಓಲಾಟವನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಡಿಸ್ಕುಗಳನ್ನು ಒಂದು ಅಚ್ಚಿನ ಎರಡೂ ಬದಿಗೆ ಜೊತೆಯಾಗಿ ಬದಲಿಸಲಾಗುತ್ತದೆ. ಹಳೆಯ ಡಿಸ್ಕಿನ ಬದಲು ಬೇರೆ ತಯಾರಕರದನ್ನು ಹಾಕಿದ್ದರೆ ಕಾರಿನ ಕೈಪಿಡಿಯ ಸಂಖ್ಯೆ ಅದಕ್ಕೆ ಅನ್ವಯಿಸದೆ ಇರಬಹುದು. ಆಗ ಆ ಡಿಸ್ಕಿನ ಮೇಲೆಯೇ ಇರುವ ಸಂಖ್ಯೆಯನ್ನು ಪಾಲಿಸಬೇಕು.