ಎವಿಯನ್ ಚಿಲುಮೆ ನೀರು

ಎವಿಯನ್ ಎಂಬುದು ಫ್ರಾನ್ಸಿನ ಪೂರ್ವದಂಚಿನಲ್ಲಿ, ಜಿನೀವಾ ಸರೋವರದ ದಕ್ಷಿಣ ದಂಡೆಯಲ್ಲಿರುವ ಎವಿಯನ್-ಲೆ-ಬ್ಯಾಂ ಪಟ್ಟಣದ ಕಶಾ ಚಿಲುಮೆಯಿಂದ ಹೆಸರಾದ ಖನಿಜಜಲ. ಇದರ ರುಚಿಯನ್ನು ರೂಪಿಸುವುದು ಅದು ಹಾದುಬರುವ ನೆಲ.

ಉಗಮ: ಪಟ್ಟಣದ ಹಿಂದೆ ಎತ್ತರದಲ್ಲಿರುವ ಗಾವೊ ಪ್ರಸ್ಥಭೂಮಿಯ ಮೇಲೆ ಬೀಳುವ ಮಳೆ ಮತ್ತು ಹಿಮವೇ ಈ ನೀರಿನ ಮೂಲ. ಹಿಮಯುಗದಲ್ಲಿ ಹಿಮನದಿಗಳು ಬಿಟ್ಟುಹೋದ ಮರಳಿನ ಪದರಗಳು ಇಲ್ಲಿ ಜೇಡಿಮಣ್ಣಿನ ಪದರಗಳ ನಡುವೆ ಹುದುಗಿವೆ. ಮರಳು ನೀರನ್ನು ಸೋಸುತ್ತ ಖನಿಜಾಂಶಗಳನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಜೇಡಿಮಣ್ಣು ಮೇಲಿನ ಕೊಳೆ ಕೆಳಗಿಳಿಯದಂತೆ ತಡೆಯುತ್ತದೆ. ಈ ಪಯಣಕ್ಕೆ 15 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಹೊರಬರುವ ನೀರಿನ ಉಷ್ಣತೆ ಸುಮಾರು 11.6 ಡಿಗ್ರಿ ಸೆಲ್ಸಿಯಸ್.

ಇತಿಹಾಸ: 18ನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಶ್ರೀಮಂತನೊಬ್ಬ ಕಶಾ ಎಂಬವರ ತೋಟದ ಚಿಲುಮೆಯ ನೀರು ಕುಡಿದು ಮೂತ್ರಪಿಂಡದ ಕಲ್ಲಿನ ಬಾಧೆಯಿಂದ ಚೇತರಿಸಿಕೊಂಡನೆಂಬ ಸುದ್ದಿ ಹಬ್ಬಿತು. ಸೇಂಟ್ ಕ್ಯಾಥರೀನಳ ಹೆಸರಿನಲ್ಲಿದ್ದ ಆ ಚಿಲುಮೆಗೆ ಮುಂದೆ ಕಶಾ ಹೆಸರೇ ನಿಂತಿತು. ಎವಿಯನ್ ಇರುವ ಸವಾಯ್ ಸೀಮೆ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ನೀರನ್ನು ತುಂಬಿ ಮಾರಲು 1826ರಲ್ಲಿ ಅಲ್ಲಿನ ಅರಸ ಅನುಮತಿ ಕೊಟ್ಟ. 1829ರಲ್ಲಿ ಮೊದಲ ಕಂಪನಿ ಹುಟ್ಟಿತು. ಮೊದಮೊದಲು ಮಣ್ಣಿನ ಜಾಡಿಗಳಲ್ಲಿ ಸಾಗುತ್ತಿದ್ದ ನೀರು ಬಳಿಕ ಗಾಜಿನ ಬಾಟಲಿಗೆ, 20ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಬಂತು. 1860ರಲ್ಲಿ ಸವಾಯ್ ಫ್ರಾನ್ಸಿನಲ್ಲಿ ವಿಲೀನವಾಯಿತು. 1878ರಲ್ಲಿ ಫ್ರೆಂಚ್ ವೈದ್ಯಕೀಯ ಅಕಾಡೆಮಿ ಈ ನೀರಿಗೆ ಮನ್ನಣೆ ನೀಡಿತು. ಇಂದು ಇದರ ಒಡೆತನ ಡಾನೋನ್ ಸಂಸ್ಥೆಯದು.

ರಕ್ಷಣೆ: ಮಳೆ ಇಂಗುವ ನೆಲ ಕೆಟ್ಟರೆ ವರ್ಷಗಳ ನಂತರ ಚಿಲುಮೆಯೂ ಕೆಡುತ್ತದೆ. ಆದ್ದರಿಂದ 1992ರಲ್ಲಿ ಕಂಪನಿ ಮತ್ತು ಸುತ್ತಲಿನ ಊರಾಡಳಿತಗಳು ಕೂಡಿ ಸಂಘವೊಂದನ್ನು ಕಟ್ಟಿದವು; ಅಂದಿನಿಂದ ಗೊಬ್ಬರ, ಕೀಟನಾಶಕಗಳ ಬಳಕೆ ತಗ್ಗಿಸಲು ರೈತರೊಡನೆ ಕೆಲಸ ಮಾಡುತ್ತಿವೆ. 2008ರಲ್ಲಿ ಈ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು.

ರುಚಿ: ಎವಿಯನ್ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 360 ಮಿಲಿಗ್ರಾಂ ಬೈಕಾರ್ಬನೇಟ್, 80 ಮಿಲಿಗ್ರಾಂ ಕ್ಯಾಲ್ಸಿಯಂ, 26 ಮಿಲಿಗ್ರಾಂ ಮೆಗ್ನೀಸಿಯಂ ಇವೆ, ಪಿಎಚ್ 7.2. ಬಾಯಿಗೆ ತುಸು ತುಂಬಿದಂತೆನಿಸುವ ಮೃದು ಗುಣ ಬರುವುದು ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್‌ಗಳಿಂದ. ಸೋಡಿಯಂ 7 ಮಿಲಿಗ್ರಾಂನಷ್ಟೂ ಇಲ್ಲದ್ದರಿಂದ ಉಪ್ಪು ತಟ್ಟದು. ಸಲ್ಫೇಟ್ ಕಡಿಮೆ ಇರುವುದರಿಂದ ಕಹಿಯೂ ಕಾಣದು. ಫ್ರಾನ್ಸಿನದೇ ಬೇರೆ ನೀರುಗಳೊಡನೆ ಹೋಲಿಸಿದರೆ ನೆಲದ ಪ್ರಭಾವ ಸ್ಪಷ್ಟವಾಗುತ್ತದೆ. ಓವೆರ್ನ್ಯ ಸೀಮೆಯ ಜ್ವಾಲಾಮುಖಿ ಶಿಲೆಗಳಲ್ಲಿ ಇಳಿದುಬರುವ ವೋಲ್ವಿಕ್‌ನಲ್ಲಿ ಖನಿಜಾಂಶ ಇದರ ಅರ್ಧಕ್ಕಿಂತ ಕಡಿಮೆ, ಸಿಲಿಕಾ ಹೆಚ್ಚು, ಅದು ಹಗುರ. ಲೀಟರಿಗೆ ಒಂದು ಗ್ರಾಂಗಿಂತ ಹೆಚ್ಚು ಸೋಡಿಯಂ ಇರುವ ವಿಶಿ ಸೆಲೆಸ್ಟೆಂ ಸ್ಪಷ್ಟವಾಗಿ ಉಪ್ಪುಪ್ಪು. ಸಲ್ಫೇಟ್ ಒಂದು ಗ್ರಾಂ ದಾಟುವ ಕಾಂಟ್ರೆಕ್ಸ್‌ನಲ್ಲಿ ಕಹಿಯ ಛಾಯೆಯಿದೆ. ನೀರು ಅತಿ ತಣ್ಣಗಿದ್ದರೆ ನಾಲಿಗೆಗೆ ಈ ಭೇದಗಳು ಸಿಗುವುದು ಕಷ್ಟ. ಐರೋಪ್ಯ ಒಕ್ಕೂಟದ ಕಾನೂನಿನಂತೆ ನೈಸರ್ಗಿಕ ಖನಿಜಜಲವನ್ನು ಉಗಮದಲ್ಲೇ ತುಂಬಬೇಕು, ಕ್ಲೋರಿನ್ ಮುಂತಾದವುಗಳಿಂದ ಸೋಂಕು ನಿವಾರಣೆ ಮಾಡುವಂತಿಲ್ಲ, ಅದರ ಖನಿಜ ಸಂಯೋಜನೆ ಸ್ಥಿರವಾಗಿರಬೇಕು; ಹಾಗಾಗಿ ನೆಲ ಕೊಟ್ಟ ರುಚಿ ಬಾಟಲಿಯಲ್ಲೂ ಉಳಿಯುತ್ತದೆ.