ರೆಕಾರ್ಡ್ ಅಂಗಡಿಗೆ ಮಾಡಿದ ಫೋನು

1952ರ ನವೆಂಬರ್. ಲಂಡನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' (ಎನ್‌ಎಂಇ) ಪತ್ರಿಕೆಯ ಪರ್ಸಿ ಡಿಕಿನ್ಸ್ ಫೋನು ಹಿಡಿದು ಕೂತು, ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಒಂದೇ ಪ್ರಶ್ನೆ ಕೇಳಿದರು: ಈ ವಾರ ಯಾವುದು ಹೆಚ್ಚು ಖರ್ಚಾಯಿತು? ಬಂದ ಉತ್ತರಗಳನ್ನು ಕೂಡಿಸಿ 14ನೇ ತಾರೀಖು ಒಂದು ಪಟ್ಟಿ ಅಚ್ಚು ಹಾಕಿದರು. ಅದರ ಹೆಸರಿನಲ್ಲಿ 12 ಇತ್ತು, ಪಟ್ಟಿಯೊಳಗೆ 15 ರೆಕಾರ್ಡುಗಳಿದ್ದವು. ಸಮಸಮವಾಗಿ ಬಂದವನ್ನು ಬಿಡಲು ಮನಸ್ಸಾಗಿರಲಿಲ್ಲ. ಮೊದಲ ಸ್ಥಾನದಲ್ಲಿ ಅಲ್ ಮಾರ್ಟಿನೋ ಹಾಡಿದ ರೆಕಾರ್ಡು. ಬ್ರಿಟನ್ನಿನಲ್ಲಿ ಅದುವರೆಗೆ ಹಾಡಿನ ಜನಪ್ರಿಯತೆಯನ್ನು ಅಳೆಯುತ್ತಿದ್ದದ್ದು ಅಚ್ಚಾದ ಸ್ವರಲಿಪಿ ಹಾಳೆಗಳ ಮಾರಾಟದಿಂದ.

ಇದನ್ನು ಓದುಗರ ಅಧ್ಯಯನ ಎಂದು ಆಗ ಯಾರೂ ಕರೆಯಲಿಲ್ಲ. ಡಿಕಿನ್ಸ್ ಜಾಹೀರಾತು ನೋಡಿಕೊಳ್ಳುತ್ತಿದ್ದವರು. ರೆಕಾರ್ಡ್ ಕಂಪನಿಗಳು ಇತ್ತ ತಿರುಗಿ ನೋಡಲಿ ಎಂಬುದೇ ಪಟ್ಟಿಯ ಹಿಂದಿನ ಲೆಕ್ಕಾಚಾರ. ಪತ್ರಿಕೆಯೂ ಹೊಸದು. 'ಅಕಾರ್ಡಿಯನ್ ಟೈಮ್ಸ್ ಅಂಡ್ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ಸೊರಗಿದ ಪತ್ರಿಕೆಯನ್ನು ಮಾರಿಸ್ ಕಿನ್ 1,000 ಪೌಂಡಿಗೆ ಕೊಂಡು, ಅದೇ ವರ್ಷದ ಮಾರ್ಚಿನಲ್ಲಿ ಹೆಸರು ಬದಲಿಸಿ ಹೊರತಂದಿದ್ದರು. ಸಂಗೀತ ಪತ್ರಿಕೆ ಎಂದರೆ ಮುಖ್ಯವಾಗಿ ನುಡಿಸುವವರ ಪತ್ರಿಕೆ ಎನ್ನುವ ಕಾಲ ಅದು. 1926ರ 'ಮೆಲೊಡಿ ಮೇಕರ್' ಶುರುವಾದದ್ದೂ ವಾದ್ಯಗಾರರಿಗಾಗಿ. ಪಟ್ಟಿ ಬಂದ ಮೇಲೆ ಕೇಳುವವನೂ ಕೊಳ್ಳುವವನೂ ಪುಟದೊಳಗೆ ಕಾಲಿಟ್ಟರು. ಬೀಟಲ್ಸ್ ಅಬ್ಬರದ 1964ರ ಮೊದಲ ಆರು ತಿಂಗಳಲ್ಲಿ ಎನ್‌ಎಂಇಯ ವಾರದ ಪ್ರಸಾರ 3,06,881ಕ್ಕೆ ಏರಿತು.

ಕಾಕತಾಳೀಯವೋ ಏನೋ, ಲಂಡನ್ನಿನ ಆ ಪಟ್ಟಿ ಬಂದ ಮೂರೇ ವಾರದೊಳಗೆ, ಡಿಸೆಂಬರ್ 3ರ ಬುಧವಾರ, ರೇಡಿಯೊ ಸಿಲೋನಿನಲ್ಲಿ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ 'ಬಿನಾಕಾ ಗೀತಮಾಲಾ' ಆರಂಭವಾಯಿತು. ಅದೂ ಮೊದಲು ನಂಬಿದ್ದು ರೆಕಾರ್ಡ್ ಅಂಗಡಿಗಳ ಲೆಕ್ಕವನ್ನೇ. ಅಂಗಡಿಯ ಲೆಕ್ಕವೊಂದೇ ಸಾಲದು ಎನ್ನಿಸಿದಾಗ ನಿರೂಪಕ ಅಮೀನ್ ಸಯಾನಿಯವರ ತಂಡ ಊರೂರಿನ ಶ್ರೋತೃ ಸಂಘಗಳ ಕಾಗದಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಹಾಗೆ ನೋಡಿದರೆ ಕೇಳುಗನಿಗೆ ಅಳತೆಪಟ್ಟಿ ಹಿಡಿದವರಲ್ಲಿ ಮೊದಲಿಗರು ರೇಡಿಯೊದವರೇ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ 1937ರಲ್ಲಿ ಶುರುವಾದ ರೇಡಿಯೊ ಸಂಶೋಧನಾ ಯೋಜನೆಯ ಮುಖ್ಯಸ್ಥ ಪಾಲ್ ಲಾಜರ್ಸ್‌ಫೆಲ್ಡ್, ಫ್ರಾಂಕ್ ಸ್ಟಾಂಟನ್ ಜೊತೆ ಸೇರಿ ಒಂದು ಯಂತ್ರ ಮಾಡಿದ್ದರು. ಕೇಳುಗರನ್ನು ಕೋಣೆಯಲ್ಲಿ ಕೂರಿಸಿ ಕೈಗೆ ಎರಡು ಗುಂಡಿ ಕೊಡುತ್ತಿದ್ದರು. ಹಿಡಿಸಿದರೆ ಹಸಿರು ಒತ್ತಬೇಕು, ಹಿಡಿಸದಿದ್ದರೆ ಕೆಂಪು. ಎರಡನ್ನೂ ಒತ್ತದೆ ಸುಮ್ಮನಿದ್ದರೆ ಅದೂ ಒಂದು ಉತ್ತರ. ಇದೇ ಯೋಜನೆಯ ಸಂಗೀತ ವಿಭಾಗಕ್ಕೆ 1938ರಲ್ಲಿ ಬಂದ ಥಿಯೋಡರ್ ಅಡೋರ್ನೊಗೆ ಈ ಗುಂಡಿಯಾಟ ಸರಿಬರಲಿಲ್ಲ. ಒಂದೇ ಹಾಡನ್ನು ಹಗಲೂ ರಾತ್ರಿ ಕಿವಿಗೆ ತುರುಕಿ, ಆಮೇಲೆ ಇಷ್ಟವೇ ಎಂದು ಕೇಳಿದರೆ ಸಿಗುವುದು ತುರುಕಿದವರ ಉತ್ತರವೇ ಎಂಬುದು ಅವರ ತಕರಾರಿನ ತಿರುಳು. ರಾಕ್‌ಫೆಲರ್ ಫೌಂಡೇಶನ್ ಸಂಗೀತ ವಿಭಾಗಕ್ಕೆ ಹಣ ನಿಲ್ಲಿಸಿತು. ಗುಂಡಿಗಳು ಉಳಿದವು, ತಕರಾರೂ ಉಳಿಯಿತು.

1956ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಓದುಗ ಸಮೀಕ್ಷೆ ಶುರುವಾದ ಮೇಲೆ ಪ್ರಶ್ನೆ 'ಏನು' ಎಂಬಲ್ಲಿಂದ 'ಯಾರು' ಎಂಬಲ್ಲಿಗೆ ಜಾರಿತು. ಮನೆಯ ಯಜಮಾನನ ಉದ್ಯೋಗ ನೋಡಿ ಎ, ಬಿ, ಸಿ1, ಸಿ2, ಡಿ, ಇ ಎಂದು ದರ್ಜೆ. ಸಂಗೀತ ಪತ್ರಿಕೆಗೆ ಇದು ಸರಿಯಾಗಿ ಕೂರದ ಅಂಗಿ. ಕೂದಲಿಗೆ ಬಣ್ಣ ಹಚ್ಚಿ ಹರಕು ಜಾಕೆಟ್ ತೊಟ್ಟು ಪಂಕ್ ಕೇಳುವ ಹುಡುಗ, ಅಪ್ಪ ಡಾಕ್ಟರಾದರೆ ಮೇಲಿನ ದರ್ಜೆಯಲ್ಲಿ ಬೀಳುತ್ತಾನೆ.

ಗೆದ್ದ ಪತ್ರಿಕೆಗಳು ಹೆಚ್ಚಾಗಿ ಇಂಥ ಕೋಷ್ಟಕದ ಆಚೆಗೇ ಓದುಗನನ್ನು ಕಂಡವು. 1978ರಲ್ಲಿ ನಿಕ್ ಲೋಗನ್ 'ಸ್ಮ್ಯಾಶ್ ಹಿಟ್ಸ್' ತಂದಾಗ ಅದರ ಬಂಡವಾಳ ಹಾಡುಗಳ ಸಾಹಿತ್ಯ. ನಮ್ಮಲ್ಲಿ ಸಿನಿಮಾ ಟೆಂಟಿನ ಮುಂದೆ ಹಾಡಿನ ಪುಸ್ತಕ ಮಾರುತ್ತಿದ್ದವರಿಗೆ ಈ ಗುಟ್ಟು ಯಾವತ್ತೋ ಗೊತ್ತಿತ್ತು. 1981ರ ಜೂನಿನಲ್ಲಿ 'ಸೌಂಡ್ಸ್' ವಾರಪತ್ರಿಕೆ ಹೆವಿ ಮೆಟಲ್ ಪ್ರಿಯರಿಗೆಂದು 'ಕೆರಾಂಗ್!' ಎಂಬ ವಿಶೇಷ ಸಂಚಿಕೆ ಬಿಟ್ಟು ನೋಡಿತು. ಗಿಟಾರಿನ ತಂತಿ ಜೋರಾಗಿ ಮೀಟಿದಾಗ ಬರುವ ಸದ್ದೇ ಆ ಹೆಸರು. ಪ್ರತಿಗಳು ಖಾಲಿಯಾದವು, ಅದೇ ಸ್ವತಂತ್ರ ಪತ್ರಿಕೆಯಾಯಿತು. ಯಾವ ಪ್ರಶ್ನಾವಳಿಯೂ ಇಷ್ಟು ನೇರವಾದ ಉತ್ತರ ಕೊಡಲಾರದು.

ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ 1986ರಲ್ಲಿ ಆರಂಭಿಸಿದ 'ಕ್ಯೂ'ದ ಕಥೆ ಇನ್ನೂ ಸ್ವಾರಸ್ಯದ್ದು. ಪಾಪ್ ಪತ್ರಿಕೆ ಹದಿಹರೆಯದವರ ಸೊತ್ತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇವರ ಕಣ್ಣು ಬಿದ್ದದ್ದು ಸಂಬಳ ತರುವ, ಸಿಡಿ ಪ್ಲೇಯರ್ ಕೊಂಡ, ಹಳೆಯ ಎಲ್‌ಪಿಯಲ್ಲಿದ್ದ ಆಲ್ಬಂ ಅನ್ನೇ ಮತ್ತೆ ಸಿಡಿಯಲ್ಲಿ ಕೊಳ್ಳುವ ನಡುವಯಸ್ಸಿನವನ ಮೇಲೆ. ಮೊದಲ ಮುಖಪುಟದಲ್ಲಿ ಪಾಲ್ ಮೆಕಾರ್ಟ್ನಿ. ಹೆಸರು ಮೊದಲು 'Cue' ಎಂಬ ಮೂರಕ್ಷರದ ಇಂಗ್ಲಿಷ್ ಪದವಾಗಿತ್ತು. ಸ್ನೂಕರ್ ಕೋಲಿಗೂ ಅದೇ ಪದವಿರುವುದರಿಂದ ಜನ ಆಟದ ಪತ್ರಿಕೆ ಎಂದುಕೊಂಡಾರು ಎಂದು ಒಂದೇ ಅಕ್ಷರಕ್ಕೆ ಇಳಿಸಿದರು. ಮುಂದೆ ಹೆಪ್‌ವರ್ತ್ ಈ ಗಿರಾಕಿಗೆ 'ಐವತ್ತು ಪೌಂಡಿನ ಆಸಾಮಿ' ಎಂಬರ್ಥದ ಹೆಸರನ್ನೂ ಇಟ್ಟರು: ಅಂಗಡಿಗೆ ನುಗ್ಗಿ ಸಿಡಿ, ಡಿವಿಡಿ, ಪುಸ್ತಕ ಎಂದು ಒಂದೇ ಏಟಿಗೆ ಐವತ್ತು ಪೌಂಡ್ ಚೆಲ್ಲಿ ಬರುವವನು.

ಓದುಗನ ಚಿತ್ರವನ್ನು ಸಂಪಾದಕನಿಗಿಂತ ಜಾಹೀರಾತುದಾರನಿಗಾಗಿ ಬಿಡಿಸಿದ್ದೂ ಉಂಟು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ 'ರೋಲಿಂಗ್ ಸ್ಟೋನ್' ಓದುವವರೆಲ್ಲ ಹಿಪ್ಪಿಗಳು ಎಂಬ ನಂಬಿಕೆ ಎಂಬತ್ತರ ದಶಕದಲ್ಲೂ ಹೋಗಿರಲಿಲ್ಲ. 1985ರಲ್ಲಿ ಫ್ಯಾಲನ್ ಮೆಕೆಲಿಗಾಟ್ ಸಂಸ್ಥೆ ಎದುರುಬದುರು ಪುಟಗಳ ಜಾಹೀರಾತು ಸರಣಿ ಮಾಡಿತು. ಒಂದು ಪುಟದಲ್ಲಿ ಜನ ಅಂದುಕೊಂಡದ್ದು, ಮತ್ತೊಂದರಲ್ಲಿ ಇರುವುದು: ಇತ್ತ ಬಣ್ಣ ಬಳಿದ ಹಳೇ ವ್ಯಾನು, ಅತ್ತ ಹೊಸ ಕಾರು.

ಈಚಿನ ಅಧ್ಯಾಯ ನಡೆದದ್ದು ತರಗತಿಯಲ್ಲಿ. ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿಯ ಮಾಧ್ಯಮ ಅಧ್ಯಯನದಲ್ಲಿ ಹಲವು ವರ್ಷ ಒಂದು ಪ್ರಾಜೆಕ್ಟ್ ಇತ್ತು: ಹೊಸ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ, ಜೋಡಿಪುಟದ ಲೇಖನ ತಯಾರಿಸಿ. ಮಕ್ಕಳು ಮೊದಲು ಓದುಗರ ಅಧ್ಯಯನ ಮಾಡಬೇಕು. ವಯಸ್ಸೆಷ್ಟು, ಯಾವ ಬಗೆಯ ಸಂಗೀತ, ಪತ್ರಿಕೆಗೆ ಎಷ್ಟು ಕೊಡುತ್ತೀರಿ, ಜೊತೆಗೆ ಪೋಸ್ಟರ್ ಬೇಕೇ ಎಂದು ಸಹಪಾಠಿಗಳನ್ನೇ ಕೇಳಿ ಪೈ ಚಾರ್ಟ್ ಬರೆಯುತ್ತಿದ್ದರು. ಡಿಕಿನ್ಸ್ ಫೋನು ಮಾಡಿದ ಅಂಗಡಿಗಳೂ ಹೆಚ್ಚೇನಿರಲಿಲ್ಲ, ನಿಜ. ಆದರೆ ಅವರು ವಿಚಾರಿಸಿದ್ದು ಆಗಿಹೋದ ವ್ಯಾಪಾರವನ್ನು. ಮಕ್ಕಳು ವಿಚಾರಿಸುತ್ತಿದ್ದದ್ದು ಆಸೆಯನ್ನು. ಕೈಯಿಂದ ಕಾಸು ಬಿಚ್ಚಬೇಕಿಲ್ಲದಾಗ ಯಾರಾದರೂ ಧಾರಾಳಿಯೇ.

ಹೊರಗೆ ಬಿಚ್ಚುವವರೂ ಕಡಿಮೆಯಾಗುತ್ತಿದ್ದರು. 2001ರಲ್ಲಿ ತಿಂಗಳಿಗೆ 2 ಲಕ್ಷ ಪ್ರತಿ ಹೋಗುತ್ತಿದ್ದ 'ಕ್ಯೂ' 2020ರ ಜುಲೈನಲ್ಲಿ ಮುಚ್ಚುವ ಹೊತ್ತಿಗೆ 28,000ಕ್ಕೆ ಇಳಿದಿತ್ತು. ಅದಕ್ಕೂ ಮೊದಲೇ, 2015ರ ಸೆಪ್ಟೆಂಬರಿನಲ್ಲಿ, ಎನ್‌ಎಂಇ ಬೆಲೆಯನ್ನೇ ತೆಗೆದುಹಾಕಿ ರೈಲು ನಿಲ್ದಾಣ, ಕಾಲೇಜು, ಅಂಗಡಿಗಳಲ್ಲಿ ಪುಕ್ಕಟೆ ಹಂಚತೊಡಗಿತು. ಮೊದಲ ಲೆಕ್ಕಪರಿಶೋಧನೆಯಲ್ಲಿ ವಾರದ ಪ್ರಸಾರ 3,07,217. ಬೀಟಲ್ಸ್ ಕಾಲದ ದಾಖಲೆಗಿಂತ 336 ಹೆಚ್ಚು. 2018ರ ಮಾರ್ಚಿನಲ್ಲಿ ಆ ಪುಕ್ಕಟೆ ಪತ್ರಿಕೆಯ ಅಚ್ಚೂ ನಿಂತಿತು.